ಊದುಬತ್ತಿಯ ಹೊಗೆ ಹಿಡಿದ ದಾರಿ

ಇಂಥದ್ದು ಆಗಲು ಸಾಧ್ಯವೇ ಇಲ್ಲ ಎಂದು ಹೇಳಿದವನು ಬೇರೆ ಯಾರೂ ಅಲ್ಲ, ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆದು, ಅಲ್ಲೇ ಉಂಡು, ಭೌತಶಾಸ್ತ್ರ ಓದಿ ಪಾಸಾದೆ. ದೆವ್ವ, ಶಕುನ ಅಂದರೆ ನಗುತ್ತಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಬೆಂಗಳೂರಿನಲ್ಲಿ ನಮ್ಮ ಪದವಿದಾನ. ಮೂರು ಗಂಟೆಗೆ ಹೆಸರು ಕೂಗುತ್ತಾರೆ; ಇಲ್ಲದವರಿಗೆ ಸರ್ಟಿಫಿಕೇಟು ಅಂಚೆಯಲ್ಲಿ ಬರುತ್ತದೆ. ಉದ್ದನಪಲ್ಲಿಯಲ್ಲಿ ನನ್ನನ್ನು ಸಾಕಿದ ಅಜ್ಜಿಗೆ, ನನ್ನ ತಾಯಿಯ ತಾಯಿಗೆ, ಈ ಅಂಚೆಯ ಮಾತು ಹಿಡಿಸಲಿಲ್ಲ.

"ಅವ್ರು ಕೊಡೋದು, ನೀನು ಈಸ್ಕೊಳ್ಳೋದು, ಈ ಕಣ್ಣಾಗೇ ನೋಡ್ಬೇಕು ಕಣ್ಲಾ" ಎಂದಳು. ಆ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಇನ್ನೊಂದು ವರ್ಷ ಕಳೆದರೆ ಏನು ಕಾಣುತ್ತದೋ ಹೇಳುವಂತಿರಲಿಲ್ಲ. ಅವಳ ಮಗ, ನನ್ನ ಸೋದರಮಾವ, ಒಬ್ಬ ಜಮೀನ್ದಾರರ ಹಳೇ ಕಾರು ಓಡಿಸುತ್ತಿದ್ದ. ಅವರನ್ನು ಕೇಳಿ ಒಂದು ದಿನದ ಮಟ್ಟಿಗೆ ಕಾರು ತಂದ.

ಹೊಸೂರು ದಾಟಿ ಎರಡು ಮೈಲಿ ಹೋಗಿರಬೇಕು, ಇಂಜಿನ್ನು ಕೆಮ್ಮತೊಡಗಿತು. ಜೋರಾಗಿ ಓಡಿಸಿದರೆ ಓಡುತ್ತಿತ್ತು, ಕಾಲು ತೆಗೆದರೆ ಸಾಯುತ್ತಿತ್ತು. ಮಾವ ಬಾನೆಟ್ ಎತ್ತಿ, "ಎಲ್ಲೋ ಗಾಳಿ ಕಳ್ಳತನದಾಗೆ ಎಳ್ಕೊಂತಾ ಐತೆ" ಎಂದ. ಇಂಜಿನ್ನು ಓಡುತ್ತಿರುವಾಗಲೇ ಕೊಳವೆಗಳು ಕೂಡುವ ಒಂದೊಂದು ಜಾಗಕ್ಕೂ ಎಣ್ಣೆ ಬಿಟ್ಟ. ಸೋರುವ ಜಾಗಕ್ಕೆ ಎಣ್ಣೆ ಬಿದ್ದರೆ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಮೂರನೆಯ ಸಲ ಇಂಜಿನ್ನು ನಿಂತದ್ದು ನಿಂತೇಹೋಯಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನಮ್ಮಿಬ್ಬರ ಅಂಗೈಯಲ್ಲೂ ಬೊಬ್ಬೆ ಬಂದವು. ಬಿಸಿಲು ನೆತ್ತಿಗೆ ಬಂದಿತ್ತು.

ಅಜ್ಜಿ ಇಳಿದು ಸೆರಗಿನ ಗಂಟಿನಿಂದ ಊದುಬತ್ತಿ ತೆಗೆದಳು. ನಿಂತ ಗಾಡಿಗೆ, ಮಲಗಿದ ಎತ್ತಿಗೆ ಊದುಬತ್ತಿ ಬೆಳಗುವುದು ಅವಳ ಪದ್ಧತಿ.

"ಅವ್ವೋ, ಪೆಟ್ರೋಲ್ ಹತ್ರ ಬೆಂಕಿ ತರ್ಬ್ಯಾಡ. ಮೂವರೂ ಒಟ್ಟಿಗೇ ಹೋಗ್ಬುಡ್ತೀವಿ" ಎಂದ ಮಾವ.

"ದೂರದಾಗೇ ನಿಂತ್ಕಂತೀನಿ. ನೀನು ಎಣ್ಣೆ ಕುಡಿಸ್ದೆ, ನಾನು ಕೇಳಿದ್ನಾ?"

ಇಂಜಿನ್ನು ಓಡುತ್ತಿದ್ದರೆ ಹೊಗೆಯಿಂದಲೂ ಸೋರಿಕೆ ಹಿಡಿಯಬಹುದೆಂದು ಮಾವ ಗೊಣಗಿದ. ನಾನು ಮೇಷ್ಟರ ಗತ್ತಿನಲ್ಲಿ, "ನಿಂತ ಇಂಜಿನ್ನಿಗೆ ಗಾಳಿ ಒಳಕ್ಕೆಳೆಯುವ ಎಳೆತ ಎಲ್ಲಿಂದ ಬರಬೇಕು? ಸಾಧ್ಯವೇ ಇಲ್ಲ" ಎಂದೆ.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಹೊಂಗೆ ಮರದ ಎಲೆ ಅಲುಗುತ್ತಿರಲಿಲ್ಲ. ಅಜ್ಜಿ ಕಾರಿನ ಮುಂದೆ ಎರಡು ಮಾರು ದೂರದಲ್ಲಿ ಕಣ್ಣುಮುಚ್ಚಿ ನಿಂತಿದ್ದಳು. ನೆಟ್ಟಗೆ ಏಳುತ್ತಿದ್ದ ಹೊಗೆ ಬಾಗಿತು. ನೂಲಿನಂತೆ ಎಳೆಯಾಗಿ ಬಂದು, ಇಂಜಿನ್ನಿನ ಮೇಲೆ ಹಾದು, ಆಚೆ ಮೂಲೆಯ ಒಂದು ರಬ್ಬರ್ ಕೊಳವೆಯ ಕೆಳಗೆ ನುಗ್ಗಿತು. ಹೊರಗೆ ಬರಲಿಲ್ಲ. ಮಾವ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಅದು ಗಾಜು ಒರೆಸುವ ವೈಪರಿನ ಕೊಳವೆ. ಆಗಿನ ಕಾರುಗಳಲ್ಲಿ ವೈಪರು ಆಡುತ್ತಿದ್ದದ್ದು ಇಂಜಿನ್ನಿನ ಎಳೆತದಿಂದಲೇ. ಮಳೆಯಿಲ್ಲದ ದಿನ ಅದರ ನೆನಪು ಯಾರಿಗೆ ಬರಬೇಕು? ಮಾವ ಬೆರಳು ಹಾಕಿ ನೋಡಿದರೆ ಅಡಿಯಲ್ಲಿ ಉದ್ದಕ್ಕೆ ಸೀಳಿತ್ತು. ಕೊಳವೆ ಕಿತ್ತು, ಹೊಂಗೆ ಕಡ್ಡಿ ಕೆತ್ತಿ ಇಂಜಿನ್ನಿನ ಕಡೆಗಿದ್ದ ತೂತಿಗೆ ಬೆಣೆ ಹೊಡೆದ. ಎರಡನೇ ತಿರುವಿಗೆ ಇಂಜಿನ್ನು ಹಿಡಿಯಿತು. ಬೆಂಗಳೂರಿನವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ಆಮೇಲೆ ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ. ಬಿಸಿ ಇಂಜಿನ್ನು, ತಣ್ಣಗಿನ ಗಾಳಿ ಎಂದೆಲ್ಲ ಲೆಕ್ಕ ಹಾಕಿದೆ. ನಿಂತ ಕಾರುಗಳ ಮುಂದೆ ಊದುಬತ್ತಿ ಹಿಡಿದು ಜನರಿಂದ ನಗಿಸಿಕೊಂಡೆ. ಹೊಗೆ ಒಮ್ಮೆಯೂ ಹಾಗೆ ಹೋಗಲಿಲ್ಲ. ಮಾವ ಕಂಡಿರದಿದ್ದರೆ ನನ್ನ ಕಣ್ಣನ್ನೇ ನಾನು ನಂಬುತ್ತಿರಲಿಲ್ಲ.

ಅಂದು ನನ್ನ ಹೆಸರು ಕೂಗಿದಾಗ ಅಜ್ಜಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದಳಂತೆ. ಕೂರಿಸಲು ಮಾವ ಸೆರಗು ಜಗ್ಗಿದನಂತೆ. ಹೊರಗೆ ಬಂದು ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ. ಕಣ್ಣಿಗೊತ್ತಿಕೊಂಡಳು, ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಆ ಹೊಗೆ ಹೆಂಗ್ ಹೋಯ್ತು ಅಂತ ಇದ್ರಾಗೆ ಬರ್ದವ್ರೇನ್ಲಾ?"

"ಇಲ್ಲಜ್ಜಿ."

ಜೋಪಾನವಾಗಿ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ಹಂಗಾರೆ ಇನ್ನೂ ಒಸಿ ಓದ್ಬೇಕು ಕಣ್ಲಾ ನೀನು."