ಆಪಾ ‘ಓಡಬೇಡ’ ಅಂದ ಮಧ್ಯಾಹ್ನ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನವೂ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಅಂಗಡಿಯಲ್ಲಿ ನನ್ನ ಜೊತೆಗಿದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರಾದ, ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹೆಂಗಸು. ಅವರನ್ನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದೆ. ನಾನು ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿಕೊಟ್ಟರೆ ಆಪಾ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು.

ಟೈಪಿಂಗಿನಲ್ಲಿ ತಪ್ಪಾದರೆ ಬಳಿಯಲು ಉಗುರುಬಣ್ಣದಂಥ ಒಂದು ಕರೆಕ್ಷನ್ ಫ್ಲೂಯಿಡ್ ಇತ್ತು. ಅದರ ವಾಸನೆಗೆ ತಲೆ ಹಗುರಾಗುತ್ತಿತ್ತು. ಮೊದಲು ಹಿತವೆನಿಸಿತು, ಅಷ್ಟೇ. ಆಮೇಲೆ ತಪ್ಪಿಲ್ಲದಿದ್ದರೂ ಮುಚ್ಚಳ ತೆಗೆಯತೊಡಗಿದೆ. ಕೊನೆಕೊನೆಗೆ ಅದಿಲ್ಲದೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು. ಚಟ ಅಂದರೆ ನಮ್ಮೂರಲ್ಲಿ ಸಾರಾಯಿ, ಬೀಡಿ, ಇಸ್ಪೀಟು. ನನ್ನದೂ ಒಂದು ಚಟವೆಂದು ನನಗೇ ಹೊಳೆಯಲಿಲ್ಲ.

ಮೂಗಿನ ಸುತ್ತ ಚರ್ಮ ಕೆಂಪಗೆ ಒಡೆಯಿತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ತಲೆನೋವು ಅಂದಾಗ ಅಪ್ಪ, ಕನ್ನಡಕ ಬೇಕೇನೋ ಅಂದರು. ಊಟದ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸಾಗುತ್ತಿತ್ತು. ಒಂದೇ ಸಾಲನ್ನು ಮೂರು ಸಲ ಟೈಪ್ ಮಾಡಿ ನಗುತ್ತಿದ್ದೆ. ಇದನ್ನೆಲ್ಲ ಒಟ್ಟಿಗಿಟ್ಟು ನೋಡಿದವರು ಆಪಾ ಒಬ್ಬರೇ.

ಒಂದು ದಿನ ಅವರು ನಮಾಜು ಮುಗಿಸಿ ಬಂದಾಗ ನಾನು ಆ ಫ್ಲೂಯಿಡ್ ಸುರಿದುಕೊಂಡ ಸೆರಗನ್ನು ಮುಖಕ್ಕೊತ್ತಿಕೊಂಡು ಕೂತಿದ್ದೆ. ಅವರನ್ನು ಕಂಡದ್ದೇ ಹಿಂಬಾಗಿಲ ಕಡೆ ಓಡಲು ಎದ್ದೆ. ಆಪಾ ಕೂಗಲಿಲ್ಲ, ಹಿಡಿಯಲೂ ಬರಲಿಲ್ಲ. ನಿಂತಲ್ಲೇ ನಿಂತು ಮೆಲ್ಲಗೆ ಹೇಳಿದರು: “ಓಡಬೇಡ ಕಣಮ್ಮ. ಯಾರೂ ಬಯ್ಯಲ್ಲ. ಅಲ್ಲೇ ಕೂತ್ಕೋ.”

ಕೂತೆ. ಆಪಾ ಕಿಟಕಿಗಳನ್ನು ತೆರೆದರು, ಸೀಸೆಯನ್ನು ಹೊರಗಿಟ್ಟರು. ಪಕ್ಕದಲ್ಲಿ ಕೂತು ತಮ್ಮ ಮನೆಯ ಕೋಳಿಗಳ ವಿಷಯ ಮಾತಾಡಿದರು. ನನ್ನ ಉಸಿರು ಹದಕ್ಕೆ ಬಂದ ಮೇಲೆ ಜಟಕಾ ಕರೆಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ನನ್ನ ಎದೆಬಡಿತವನ್ನು ಬಹಳ ಹೊತ್ತು ಕೇಳಿದರು. ಆಪಾ ನಡೆದದ್ದನ್ನು ಹೇಳುತ್ತಿದ್ದಂತೆ ತಲೆಯೆತ್ತಿದರು. “ಬೆದರಿಸಿ ಓಡಿಸಲಿಲ್ವಲ್ಲ, ಒಳ್ಳೇದಾಯ್ತು. ಇದು ಮೈಯಲ್ಲಿರೋವಾಗ ಗಾಬರಿಯಾದ್ರೆ ಹೃದಯ ಹಾಗೇ ನಿಂತ್ಹೋಗಬಹುದು. ನಿಮಗೆ ಯಾರು ಹೇಳಿಕೊಟ್ರು?”

ಆಪಾ ಹೇಳಿದರು: “ನನ್ನ ತಮ್ಮ ಲಾರಿಗಳಿಗೆ ಪೇಂಟ್ ಹೊಡೀತಿದ್ದ. ಥಿನ್ನರ್ ಮೂಸೋ ಚಟ. ನಮ್ಮ ಅಬ್ಬಾ ಕೋಲು ತಗೊಂಡು ಮಗನ್ನ ಅಟ್ಟಿಸ್ಕೊಂಡು ಹೋದ್ರು. ಬೀದಿ ತುದೀಲಿ ಬಿದ್ದ. ಮತ್ತೆ ಏಳಲಿಲ್ಲ.”

ಎರಡು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ನನಗಿದು ಗೊತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡವರು ನನ್ನನ್ನು ಆ ಸ್ಥಿತಿಯಲ್ಲಿ ನೋಡಿ ಚೀರಬೇಕಿತ್ತು. ಅಷ್ಟು ಮೆಲ್ಲಗಿನ ದನಿಯನ್ನು ಎಲ್ಲಿಂದ ತಂದರು?

“ಇದಕ್ಕೆ ಇಂಜೆಕ್ಷನ್ ಇಲ್ಲ. ಬಿಡಬೇಕು, ಹೊಟ್ಟೆ ತುಂಬ ಉಣ್ಣಬೇಕು, ವಾರವಾರ ಬಂದು ತೋರಿಸ್ಬೇಕು. ಇವಳನ್ನ ಒಬ್ಬಳೇ ಬಿಡಬೇಡಿ,” ಎಂದರು ಡಾಕ್ಟರಮ್ಮ. ರಕ್ತ, ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು.

ಸಂಜೆ ಆಪಾ ನನ್ನ ಜೊತೆ ಬಸ್ಸು ಹತ್ತಿ ನಮ್ಮ ಹಳ್ಳಿಗೇ ಬಂದರು. ವಿಷಯ ಕೇಳಿ ಅಪ್ಪ ಕೈಯೆತ್ತಿದರು. ಆಪಾ ನಡುವೆ ನಿಂತರು. “ಹೊಡೀಬೇಡಿ ಅಣ್ಣಾ. ಕಾಯಿಲೆ ಅನ್ಕೊಳ್ಳಿ.” ಅಪ್ಪನ ಕೈ ಕೆಳಗಿಳಿಯಿತು.

ಮೊದಲ ವಾರಗಳಲ್ಲಿ ನಿದ್ದೆಯಿಲ್ಲ, ಕೈನಡುಕ, ಸುಮ್ಮಸುಮ್ಮನೆ ಸಿಟ್ಟು. ಆಪಾರ ಮೇಲೇ ರೇಗುತ್ತಿದ್ದೆ. ಅವರು ತಪ್ಪು ತಿದ್ದುವ ಕೆಲಸವನ್ನೆಲ್ಲ ತಾವೇ ವಹಿಸಿಕೊಂಡು ಹೊರಗಿನ ಜಗಲಿಯಲ್ಲಿ ಮಾಡುತ್ತಿದ್ದರು. ಮಧ್ಯಾಹ್ನ ನನ್ನೆದುರೇ ಕೂತು ಡಬ್ಬಿ ಖಾಲಿ ಮಾಡಿಸುತ್ತಿದ್ದರು.

ಮೂರನೇ ತಿಂಗಳು ಪೇಂಟರುಗಳು ಪಕ್ಕದ ಅಂಗಡಿಗೆ ಬಣ್ಣ ಹೊಡೆಯುವಾಗ ಅವರ ಥಿನ್ನರ್ ಮೂಸಿ ಸೋತೆ. ಮರುದಿನ ಅಳುತ್ತಾ ಆಪಾರಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ.

“ನೀನಾಗೇ ಹೇಳಿದ್ಯಲ್ಲ, ಅದು ದೊಡ್ಡದು,” ಅಂದರು ಆಪಾ. “ನಡಿ, ಆಸ್ಪತ್ರೆಗೆ ಹೋಗಣ.”

ಆಮೇಲೆ ಮತ್ತೆಂದೂ ಆ ಚಟದ ಕಡೆ ಹೋಗಲಿಲ್ಲ. ಬೆರಳ ತುದಿಯ ಜೋಮು ಹೋಗಲು ಮಾತ್ರ ಬಹಳ ಕಾಲ ಹಿಡಿಯಿತು. ಇನ್ನು ಬರಬೇಕಾಗಿಲ್ಲವೆಂದು ಡಾಕ್ಟರಮ್ಮ ಹೇಳಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಆಪಾರ ಕಾಲು ಮುಟ್ಟಲು ಬಗ್ಗಿದೆ. ಅವರು ಗಾಬರಿಯಿಂದ ಹಿಂದೆ ಸರಿದರು.

“ಏಯ್, ಏಳು! ನಾನೇನು ಮಾಡಿದ್ನಮ್ಮ? ಬಿಟ್ಟಿದ್ದು ನೀನು.”

ಅವರು ಅದನ್ನು ನಿಜವಾಗಿಯೂ ನಂಬಿದ್ದರು.