ಕೊಕ್ಕೆಯಿಲ್ಲದ ಗಾಳ

ಜಮಖಂಡಿ ದರಬಾರಿನಿಂದ ನಿವೃತ್ತರಾದವರಿಗೆ ಇಂಗ್ಲಿಷ್ ಸಾಹೇಬರ ಒಂದಿಲ್ಲೊಂದು ಚಟ ಅಂಟಿಕೊಂಡಿರುತ್ತದೆ. ರಬಕವಿಯ ನಮ್ಮ ಮಾವ ಪಾಯಪ್ಪನವರಿಗೆ ಅಂಟಿದ್ದು, ಗರಿಯನ್ನು ನೊಣದಂತೆ ಕಟ್ಟಿ ಹೊಳೆಯ ಮೇಲೆ ಬೀಸಿ ಮೀನು ಹಿಡಿಯುವುದು. ಕೋಟು ರುಮಾಲಿನಲ್ಲೇ ಅವರು ಮೊಣಕಾಲುದ್ದ ನೀರಿಗಿಳಿಯುತ್ತಾರೆ. ಅವರು ಜಾರಿದರೆ ಯಾರನ್ನು ಕೂಗಲಿ ಎಂದು ಕೂಸನ್ನೆತ್ತಿಕೊಂಡು ದಂಡೆಯಲ್ಲಿ ನಿಲ್ಲುವವಳು ಸೊಸೆಯಾದ ನಾನು. ನಾನು ಓದಿದ ಪುಣೆಯ ಶಾಲೆಯಲ್ಲಿ ಈಜು ಕಲಿಸಿರಲಿಲ್ಲ. ಮೀನು ಮಾತ್ರ ಒಂದೂ ಸಿಕ್ಕಿಲ್ಲ. ಗೆಳೆಯರು ನಕ್ಕರೆ, “ದೊಡ್ಡದಿತ್ರೀ, ತಪ್ಪಿಸಿಕೊಂಡ್ತು” ಎನ್ನುತ್ತಾರೆ. ಕಡೆಗೊಂದು ದಿನ ಬಸದಿಯ ಹಿರಿಯರಾದ ಅನಂತಪ್ಪನವರು ಹೊಳೆಗೇ ಬಂದರು. “ಜೈನರಾಗಿ ಮೀನ ಕೊಲ್ಲತೀರೇನ್ರಿ? ಗಾಳ ಮುರೀರಿ, ಇಲ್ಲಂದ್ರ ಬಸದಿ ಮೆಟ್ಟಲಾ ಹತ್ತಬ್ಯಾಡ್ರಿ.” ಮಾವ ಗಾಳದ ದಾರದ ತುದಿಯನ್ನು ಅವರ ಅಂಗೈಯಲ್ಲಿಟ್ಟರು. ಅದರಲ್ಲಿ ಉದುರಿದ ನವಿಲುಗರಿಯ ಚೂರಿತ್ತು, ಕೊಕ್ಕೆ ಇರಲಿಲ್ಲ. “ಮತ್ತ ಯಾಕ ಬೀಸತೀರಿ?” “ದರಬಾರದಾಗ ನನ್ನ ಹತ್ರ ಬಂದಾವ್ರೆಲ್ಲಾ ಏನರ ಬೇಡಾಕ ಬಂದ್ರು. ಈ ಮೀನ ಸುಮ್ನ ಬರತಾವ, ಮುಟ್ಟಿ ಹೋಗತಾವ.” “ಮೀನಿಗೆ ಮೋಸ ಮಾಡೂದೂ ಪಾಪನ” ಎಂದು ಗೊಣಗಿದ ಅನಂತಪ್ಪನವರು ಸುತ್ತ ನೋಡಿದರು, ಚಪ್ಪಲಿ ಕಳಚಿದರು, ಧೋತರ ಎತ್ತಿ ಕಟ್ಟಿ ನೀರಿಗಿಳಿದರು. “ಕೊಡ್ರಿಲ್ಲೆ, ನೋಡೂಣು.” ಬಹಳ ಹೊತ್ತಿನ ಮೇಲೆ ಅವರ ಪಿಸುಮಾತು ಕೇಳಿಸಿತು: “ಪಾಯಪ್ಪಾ, ಮುಟ್ಟಾಕತ್ತೈತಿ. ಅಲ್ಲಾಡಬ್ಯಾಡ್ರಿ.”