ಅಕ್ಕನ ಕತ್ತರಿ ಮೇಜು

ಎದುರುಮನೆಯ ಬಾಗಿಲಿಗೆ ಪಾಲಿಶ್ ಹಚ್ಚುತ್ತಿದ್ದಾರೆ. ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೊದಲೇ ನಾನು ಹಾಲು ಉಕ್ಕುವುದನ್ನೂ ಕಾಯಲಾರದ ಜಾತಿ, ನೋಡಿ.

ಎಷ್ಟೋ ವರ್ಷಗಳ ಹಿಂದೆ, ಹೊಳಲ್ಕೆರೆಯ ನಮ್ಮ ಮನೆಗೆ ಅಕ್ಕ ಒಂದು ದಿನ ಹೊಲಿಗೆ ಮಿಷನ್ನಿನ ಸಮೇತ ಬಂದಿಳಿದಳು. ಗಂಡನ ಮನೆ ಹೊಸದುರ್ಗ. ಅವ್ವ ಕೇಳಿದ್ದಕ್ಕೆ, "ಅಲ್ಲಿ ನಾನು ಇದೀನೋ ಇಲ್ವೋ ಅಂತ ಯಾರಿಗೂ ಗೊತ್ತಾಗಲ್ಲ ಕಣವ್ವ" ಎಂದಳು, ಅಷ್ಟೇ. ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ತೆರೆಯುವುದೆಂದು ಆಗಲೇ ನಿಶ್ಚಯಿಸಿದ್ದಳು. ಬಟ್ಟೆ ಕತ್ತರಿಸಲು ಉದ್ದನೆಯ ಮೇಜು ಬೇಕಿತ್ತು. ಬಡಗಿಯಿಂದ ಹಲಗೆ ಕೂಡಿಸಿ ತಂದೆವು. ಉಜ್ಜಿ ಅರಗು ಹಚ್ಚುವ ಕೆಲಸವನ್ನು ನಾವೇ ವಹಿಸಿಕೊಂಡೆವು.

ಹಿತ್ತಿಲಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅವ್ವ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ನಾನು ಬ್ರಷ್ ಹಿಡಿದು ಚಡಪಡಿಸುತ್ತಿದ್ದೆ. ಅಕ್ಕ ಹಳೆಯ ರೇಷ್ಮೆ ಸೆರಗಿನ ತುಂಡೊಂದನ್ನು ಹಲಗೆಯ ಮೇಲೆ ಎಳೆಯುವಳು. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮತ್ತೆ ಉಜ್ಜುವಳು.

"ಸಾಕು ಬಿಡಕ್ಕ, ಹಚ್ಚಾಣ."

"ತಡಿಯೋ. ಜನರ ಸೀರೆ ಹರಿದ್ರೆ ಯಾರು ಬರ್ತಾರೆ ನನ್ನ ಅಂಗಡಿಗೆ?"

ಕೊನೆಗೂ ಒಂದು ಮಧ್ಯಾಹ್ನ ಭಾವ ಬಂದರು. ಹಿತ್ತಿಲಿಗೇ ಬಂದು ನಿಂತು, "ನಡಿ, ಊರಿಗೆ ಹೋಗಾಣ. ಜನ ಕೇಳ್ತಾ ಅವ್ರೆ" ಎಂದರು.

ಅಕ್ಕ ಕೈ ನಿಲ್ಲಿಸಲಿಲ್ಲ. "ಜನ ಕೇಳ್ತಾರಂತ ಬಂದ್ರೋ, ನಾನು ಬೇಕಂತ ಬಂದ್ರೋ?"

ಭಾವ ಅವ್ವ ತಂದ ಟೀ ಕುಡಿದು ಹೊರಟುಹೋದರು. ಅವ್ವ ಒಳಗೆ ಹೋಗಿ ಅತ್ತಳು. ಅಕ್ಕ ಬಟ್ಟೆಯಿಂದ ಹಲಗೆಯ ಧೂಳನ್ನೆಲ್ಲ ಒರೆಸಿ, "ಈಗ ಹಚ್ಚು" ಎಂದಳು. ಅಷ್ಟು ಹೊತ್ತು ಆತುರಪಟ್ಟಿದ್ದ ನನಗೆ ಈಗ ಕೈ ಏಳಲಿಲ್ಲ. ಹಚ್ಚಿದರೆ ಅವಳು ಇಲ್ಲೇ ಉಳಿದಂತೆ ಎನಿಸಿತು. ಅವಳೇ ಬ್ರಷ್ ಕಸಿದುಕೊಂಡು ಹಚ್ಚತೊಡಗಿದಳು.

ಅಂಗಡಿ ಚೆನ್ನಾಗಿಯೇ ನಡೆಯಿತು. ಮುಂದಿನ ಬೇಸಿಗೆಯಲ್ಲಿ ಭಾವ ಶರ್ಟಿನ ಬಟ್ಟೆ ಹಿಡಿದು ಗಿರಾಕಿಯಂತೆ ಬಂದರು. ಅಕ್ಕ ಅಳತೆ ತೆಗೆದುಕೊಂಡಳು. ಶರ್ಟು ಒಯ್ಯಲು ಬಂದ ದಿನ ಅವರು ಹೊರಗೇ ನಿಂತು, "ನೀನು ಬರದು ಬ್ಯಾಡ. ನಾನೇ ಇಲ್ಲಿಗೆ ಬಂದ್ರೆ ಇಟ್ಕಂತೀಯಾ?" ಎಂದು ಕೇಳಿದರಂತೆ. ಯೋಚನೆ ಮಾಡಿ ಹೇಳುತ್ತೇನೆಂದು ಅಕ್ಕ ಕಳಿಸಿದಳು. ದೀಪಾವಳಿಯವರೆಗೂ ಯೋಚನೆ ಮಾಡಿದಳು.

ಈಗ ತಡೆಯಲಾರದೆ ಅವಳಿಗೆ ಫೋನ್ ಮಾಡಿದೆ. "ಏನಪ್ಪ, ಏನ್ ಸಮಾಚಾರ?" ಎಂದಳು. ಸುಮ್ಮನೆ ಮಾಡಿದೆ ಎಂದೆ. ಹಿಂದಿನಿಂದ ಭಾವನ ದನಿ ಕೇಳಿತು: "ಲೇ, ಈ ಕುಪ್ಪಸಕ್ಕೆ ಹುಕ್ಸ್ ಹಚ್ಚಿದ್ದು ಸರಿ ಐತಾ ನೋಡು."

"ಬಿಚ್ಚಿ ಮತ್ತೆ ಹಚ್ರಿ" ಎಂದಳು ಅಕ್ಕ, ನೋಡದೆಯೇ. ನನಗೆ ನಗು ಬಂತು. ಕುರ್ಚಿಗೊರಗಿ, ಅವಳು ಭಾವನ ಜೊತೆ ಮಾತು ಮುಗಿಸುವವರೆಗೂ ಆರಾಮಾಗಿ ಕುಳಿತೆ.